ಬಂಗುಡೆಯ ಬೆಳಕು

ಹಿರಿಯರ ಹಬ್ಬಕ್ಕೆ ಎಷ್ಟು ಎಲೆ ಹಾಕಬೇಕೆಂಬುದೇ ಹಿರೀಸಾವೆಯ ಕೆಂಪಣ್ಣನ ಮನೆಯಲ್ಲಿ ಜಗಳವಾಗಿತ್ತು. ತೀರಿಕೊಂಡ ತಾತ, ಅಜ್ಜಿ, ಅಪ್ಪ ಇವರಿಗೆ ಎಡೆ ಇಡುವುದರಲ್ಲಿ ಯಾರ ತಕರಾರೂ ಇರಲಿಲ್ಲ. ತಮ್ಮ ಬೈರಯ್ಯನಿಗೂ ಒಂದು ಎಲೆ ಹಾಕೋಣವೆಂದು ಕೆಂಪಣ್ಣ ಬಾಯಿಬಿಟ್ಟದ್ದೇ ತಡ, ತಾಯಿ ರೇವಮ್ಮ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು.

"ಬದುಕಿರೋ ಮಗಂಗೆ ಎಡೆ ಇಡು ಅಂತೀಯಲ್ಲೋ, ನಿನ್ನ ನಾಲ್ಗೆ ಸೇದೋಗ!"

"ಎರಡು ವರ್ಸ ಆಯ್ತು ಕಣವ್ವ. ಇದ್ದಿದ್ರೆ ಬತ್ತಿರ್ಲಿಲ್ವಾ?"

"ನಿಮ್ಮಪ್ಪ ಕುರಿ ಮಾರಾಕೆ ಓದೋನು ಆರು ತಿಂಗ್ಳು ಬಿಟ್ಕಂಡು ಬಂದ. ಆಗ ನಾನೇನು ಎಲೆ ಹಾಕ್ಬುಟ್ಟಿದ್ನಾ?"

ಬೈರಯ್ಯನ ಹೆಂಡತಿ ಬೆಟ್ಟಮ್ಮ ಒಲೆಯ ಮುಂದೆ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದಳು. ಯುದ್ಧದ ಕಾಲ, ಪೆಟ್ರೋಲು ಸಿಗದೆ ಲಾರಿಗಳು ಇದ್ದಿಲು ಸುಟ್ಟುಕೊಂಡು ಓಡುತ್ತಿದ್ದವು. ಮಂಗಳೂರಿಗೆ ಹೋಗುವ ಅಂಥದೊಂದು ಲಾರಿಯಲ್ಲಿ ಬೈರಯ್ಯ ಕ್ಲೀನರಾಗಿದ್ದ. ಬಂದರಿನಲ್ಲಿ ಮೂಟೆ ಸಾಗಿಸಲು ಅವನು ಹತ್ತಿದ ದೋಣಿ ಮಗುಚಿತೆಂದು ಡ್ರೈವರೇ ಬಂದು ಹೇಳಿ ಹೋಗಿದ್ದ. ಹೆಣ ಸಿಕ್ಕಿರಲಿಲ್ಲ. ಅಂದಿನಿಂದ ಬೆಟ್ಟಮ್ಮನ ಕುಂಕುಮ, ಬಳೆಗಳಿಗೆ ಅತ್ತೆಯೇ ಕಾವಲು. ಬೆಳಿಗ್ಗೆ ಅವಳ ಹಣೆ ಬರಿದಾಗಿ ಕಂಡರೆ ರೇವಮ್ಮ ತಾನೇ ತಂದು ಹಚ್ಚುತ್ತಿದ್ದಳು. ಊರ ಹೆಂಗಸರು ಅವಳನ್ನು ಅರಿಸಿನ ಕುಂಕುಮಕ್ಕೂ ಕರೆಯರು, ಬಂದು ಸಮಾಧಾನವನ್ನೂ ಹೇಳರು. ಗಂಡನಿಗಾಗಿ ಒಂದು ಸಲ ಬಾಯಿಬಿಟ್ಟು ಅಳಬೇಕೆಂಬುದು ಅವಳ ಆಸೆ. ಆ ಮನೆಯಲ್ಲಿ ಅತ್ತರೆ ಅವನನ್ನು ಕೊಂದಂತೆ.

ಎಲೆಯ ಮಾತು ಮುರಿದುಬಿದ್ದರೂ ಕೆಂಪಣ್ಣ ಸುಮ್ಮನಾಗಲಿಲ್ಲ. ತಮ್ಮನಿಗೆ ಇಷ್ಟವೆಂದು ಮಂಗಳೂರಿನ ಲಾರಿಯಿಂದ ಒಂದು ಬುಟ್ಟಿ ಬಂಗುಡೆ ಮೀನು ಇಳಿಸಿಕೊಂಡು ಬಂದ. "ಡ್ರೈವರು ಮೂಗು ಮುಚ್ಕಂಡೇ ಘಾಟಿ ಅತ್ತಿದ್ನಂತೆ. ಎಡೆ ಬ್ಯಾಡಾಂದ್ರೆ ಬ್ಯಾಡ, ಸಾರಾದ್ರೂ ಮಾಡಿ," ಎಂದ. ಬೆಕ್ಕಿನ ಕಾಟಕ್ಕೆ ಬೆಟ್ಟಮ್ಮ ಬುಟ್ಟಿಯನ್ನು ಎಡೆಯ ಕೋಣೆಯ ನೆಲುವಿನಲ್ಲಿ ತೂಗುಹಾಕಿದಳು. ಕಿಟಕಿಯಿಲ್ಲದ ಕೋಣೆ ಅದು. ಮಗ ಬಂದಾಗ ಉಡಲೆಂದು ರೇವಮ್ಮ ಎತ್ತಿಟ್ಟಿದ್ದ ಹೊಸ ಪಂಚೆ ಬುಟ್ಟಿಯ ಕೆಳಗೇ ಇದ್ದದ್ದು ಅವಳಿಗೆ ಕಾಣಲಿಲ್ಲ.

ಮಾರನೆಯ ದಿನ ಅಮಾವಾಸ್ಯೆ, ತೀರಿಕೊಂಡವರು ಎಡೆಗೆ ಬರುವ ಹಬ್ಬದ ದಿನ. ಮಧ್ಯಾಹ್ನ ಬೆಲ್ಲ ತರಲು ಕೋಣೆಗೆ ಹೋದ ರೇವಮ್ಮ ಕೂಗಿಕೊಂಡಳು. ಬೆಟ್ಟಮ್ಮ ಓಡಿದಳು, ಹಿಂದೆಯೇ ಕೆಂಪಣ್ಣ. ದೀಪವಿಲ್ಲದ ಕೋಣೆಯ ಮೂಲೆಯಲ್ಲಿ ಆ ಪಂಚೆ ತೆಳು ನೀಲಿಯಾಗಿ ಬೆಳಗುತ್ತಿತ್ತು.

"ಬಂದವ್ನೆ," ಎಂದು ರೇವಮ್ಮ ಕುಸಿದು ಕೂತಳು. "ಇವತ್ತಿನ ದಿನ ಈ ಕ್ವಾಣೆಗೆ ಎಂಥೋರು ಬತ್ತಾರೆ ಅಂತ ನಂಗೊತ್ತಿಲ್ವಾ? ಓಗ್ಬುಟ್ಟೆಯಲ್ಲೋ ಮಗನೇ!"

ಕೆಂಪಣ್ಣ ಕೈಮುಗಿದ. "ಇನ್ನಾದ್ರೂ ಎಲೆ ಹಾಕವ್ವ."

ಬೆಟ್ಟಮ್ಮ ಮೇಲೆ ನೋಡಿದಳು. ಬುಟ್ಟಿಯ ಸಂದಿನಲ್ಲಿ ಬಂಗುಡೆಗಳ ಹೊಟ್ಟೆಯೂ ಅದೇ ನೀಲಿ. ನೀರು ತೊಟ್ಟಿಕ್ಕಿ ಪಂಚೆ ನೆನೆದಿತ್ತು. ಅವಳು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ತಾನಾಗಿಯೇ ಆಗುತ್ತಿತ್ತು. ಆದರೆ ರೇವಮ್ಮ ಪಂಚೆಯನ್ನೆತ್ತಿ ಮುಖಕ್ಕೆ ಒತ್ತಿಕೊಂಡಳು, ಒತ್ತಿಕೊಂಡವಳು ಥಟ್ಟನೆ ಸೊಸೆಯ ಕಡೆ ತಿರುಗಿದಳು.

"ಮೀನಿನ ವಾಸ್ನೆ. ಬೆಟ್ಟೀ, ನಿಜ ಯೋಳು. ಇದು ಅವನೇಯಾ?"

"ಅಲ್ಲ ಅತ್ತೆಮ್ಮ. ಇದು ಬಂಗುಡೇದು."

"ಸುಮ್ಕಿರವ್ವ ನೀನು!" ಎಂದು ಕೆಂಪಣ್ಣ ಬೆಟ್ಟಮ್ಮನನ್ನು ಗದರಿದ.

"ನಿಮ್ಮ ತಮ್ಮಾರೇ ಒಂದ್ಸಲ ಯೋಳಿದ್ರು ಬಾವ. ಲಾರೀಲಿ ಬಂದ ಕಾಲೇಜು ಮೇಷ್ಟ್ರೊಬ್ರು ಅವರ್ಗೆ ಯೋಳಿದ್ರಂತೆ. ಸಮುದ್ರದಾಗೆ ಕಣ್ಣಿಗೆ ಕಾಣ್ದಂಥ ಸಣ್ಣ ಸಣ್ಣ ಜೀವ ಅವಂತೆ. ಮೀನಿಗೆ ಅಂಟ್ಕಂಡು ಇಂಗೆ ಬೆಳಗ್ತವಂತೆ."

"ಅಂಗಾರೆ ಅವ್ನು ಬಂದಿಲ್ಲ," ಎಂದು ರೇವಮ್ಮ ಎದ್ದಳು. "ಬದುಕವ್ನೆ."

ಆ ಮನೆಗೆ ಬಂದಮೇಲೆ ಇಷ್ಟು ಮಾತನ್ನು ಬೆಟ್ಟಮ್ಮ ಒಟ್ಟಿಗೆ ಆಡಿರಲಿಲ್ಲ.

"ಬೆಳಗೋವು ಒಂದಷ್ಟೇ ಅಂತೆ ಅತ್ತೆಮ್ಮ. ಬೆಳಗ್ದೆ ಇರೋವು ಲೆಕ್ಕಕ್ಕೇ ಸಿಗಾಕಿಲ್ವಂತೆ. ನೀರ್ನಾಗೆ ಸತ್ತಿದ್ದು ಮೀನಾಗ್ಲಿ, ಸೊಪ್ಪಾಗ್ಲಿ, ಮನ್ಸರಾಗ್ಲಿ, ಎಲ್ಲಾನೂ ಅವು ಕರಗಿಸ್ತವಂತೆ. ಕರಗಿದ್ರಿಂದ್ಲೇ ಪಾಚಿ ಬೆಳೀತದೆ, ಅದ್ನ ಉಳ ತಿಂತವೆ, ಉಳಾನ ಮೀನು ತಿಂತವೆ. ಅವಿಲ್ದಿದ್ರೆ ದಡದ ತುಂಬ ಎಣವೇ ಬಿದ್ದಿರ್ತಿದ್ವಂತೆ."

ರೇವಮ್ಮ ಕೈಯಲ್ಲಿದ್ದ ಪಂಚೆಯನ್ನು ಬಿಡಿಸಿ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು:

"ಅಂಗಾರೆ ನನ್ನ ಮಗ ಮಣ್ಣು ಮಾಡೋರಿಲ್ದೆ ಅಲ್ಲಿ ಅಂಗೇ ಬಿದ್ದಿಲ್ವಾ?"

ಅತ್ತೆ ಎರಡು ವರ್ಷ ಮಗನನ್ನು ಯಾಕೆ ಬದುಕಿಸಿಕೊಂಡಿದ್ದಳೆಂದು ಬೆಟ್ಟಮ್ಮನಿಗೆ ಆಗ ತಿಳಿಯಿತು.

"ಇಲ್ಲ ಅತ್ತೆಮ್ಮ. ಅವು ಆಗ್ಲೇ ಮಣ್ಣು ಮಾಡವೆ."

ರೇವಮ್ಮ ನೆಲುವಿನಿಂದ ಬುಟ್ಟಿಯನ್ನು ಇಳಿಸಿದಳು. "ಇವ್ನ ನಾನು ಬೇಯ್ಸಾಕಿಲ್ಲ. ಅವ್ನು ಕರಗಿದ ನೀರ್ನಾಗೆ ಬೆಳೆದವು ಇವು," ಎಂದು ಮೀನುಗಳನ್ನು ಒಂದೊಂದಾಗಿ ಪಂಚೆಯ ಮೇಲೆ ಜೋಡಿಸಿ ಗಂಟು ಕಟ್ಟಿದಳು. "ಕೆಂಪ, ಗುದ್ದಲಿ ತಗಳ್ಳಾ."

ಹೊಲದ ಬದುವಿನಲ್ಲಿ, ಅಪ್ಪನ ಸಮಾಧಿಯ ಪಕ್ಕದಲ್ಲಿ ಕೆಂಪಣ್ಣ ಗುಂಡಿ ತೋಡಿದ. ಬಿಸಿಲಿಗೆ ಗಂಟಿನಲ್ಲಿ ಬೆಳಕೇನೂ ಕಾಣುತ್ತಿರಲಿಲ್ಲ, ಬರೀ ಒದ್ದೆ ಬಟ್ಟೆ. ರೇವಮ್ಮ ಅದನ್ನು ಮಗುವನ್ನು ಮಲಗಿಸುವ ಹಾಗೆ ಇಳಿಸಿ, ಸೊಸೆಯ ಕೈಗೆ ಹಿಡಿಮಣ್ಣು ಕೊಟ್ಟಳು.

"ಮೊದ್ಲು ನೀನಾಕು. ಅಳು ಮಗ, ಅಳು."

ಬೆಟ್ಟಮ್ಮ ಅತ್ತಳು. ಪಕ್ಕದ ಹೊಲದ ರಾಗಿಯಲ್ಲಿದ್ದ ಹೆಂಗಸರು ಕಳೆ ಕೀಳುವುದನ್ನು ಬಿಟ್ಟು ಸೆರಗು ಸರಿಮಾಡಿಕೊಳ್ಳುತ್ತ ಇತ್ತ ಬಂದರು. ನಾಯಿ ಕೆದಕದಿರಲೆಂದು ಕೆಂಪಣ್ಣ ಜಾಲಿಮುಳ್ಳಿನ ಹೊರೆಯೊಂದನ್ನು ಎಳೆದುತಂದು ಮಣ್ಣಿನ ಮೇಲೆ ಹೊದಿಸಿದ.