ಹೆಂಡತಿಯ ಹೆಸರಿನಲ್ಲಿ ಮೊಣಕಾಲು

ಓಡುವ ಮೊದಲೇ ಮಹೇಶಕುಮಾರ ಓಟಗಾರನಾಗಿಬಿಟ್ಟಿದ್ದ. ಕಿತ್ತಳೆ ಬಣ್ಣದ ಬೂಟು ಬಂತು. ಬೆವರು ಹೀರುವ ಅಂಗಿ ಬಂತು. ಎದೆಬಡಿತ ತೋರಿಸುವ ಕೈಗಡಿಯಾರ ಬಂತು, ಹಣೆಗೆ ಕಟ್ಟಿಕೊಳ್ಳುವ ಪಟ್ಟಿಯೂ ಬಂತು. ಅಬಿಡ್ಸ್‌ನ ವಿಮಾ ಕಚೇರಿಯೊಂದರಲ್ಲಿ ವರ್ಷಗಟ್ಟಲೆ ಕುರ್ಚಿ ಸವೆಸಿ ಬೆಳೆಸಿದ ಹೊಟ್ಟೆಯನ್ನು ಒಳಗೆಳೆದುಕೊಂಡು, ಲಿಫ್ಟಿನ ಕನ್ನಡಿಯಲ್ಲಿ ಆ ಕಡೆ ಈ ಕಡೆ ತಿರುಗಿ ತನ್ನ ಅಂದ ನೋಡಿಕೊಳ್ಳುತ್ತಿದ್ದ. ಪಕ್ಕದಲ್ಲಿ ನಿಂತ ಹೆಂಡತಿ ಅನುರಾಧಾ ಲಿಫ್ಟಿನ ಗುಂಡಿಗಳನ್ನೇ ದಿಟ್ಟಿಸುತ್ತಿದ್ದಳು. ನಕ್ಕರೆ ದಿನವಿಡೀ ಮುಖ ಊದಿಸಿಕೊಂಡು ಕೂರುತ್ತಾನೆ, ಯಾರಿಗೆ ಬೇಕು ಆ ರಗಳೆ.

ಇದಕ್ಕೆಲ್ಲ ಕಾರಣ ರವಿಶಂಕರ್. ಸೈನ್ಯದಿಂದ ನಿವೃತ್ತರಾಗಿ ಮಿಯಾಪುರದ ಇದೇ ಅಪಾರ್ಟ್‌ಮೆಂಟಿಗೆ ಬಂದು, ಇಲ್ಲಿನ ಕನ್ನಡ ಬಳಗಕ್ಕೆ ಅಧ್ಯಕ್ಷರಾದವರು. ಕಲಬುರಗಿ, ಬೀದರ, ರಾಯಚೂರು ಕಡೆಯ ಮನೆಗಳು ಸೇರಿ ಕಟ್ಟಿದ ಬಳಗ ಅದು. ವರ್ಷಕ್ಕೊಮ್ಮೆ ರಾಜ್ಯೋತ್ಸವ ಮಾಡಿ, ಹೋಳಿಗೆ ಉಂಡು, ಗಂಡಸರು ಭಾಷಣ ಬಿಗಿದು, ಹೆಂಗಸರು ಕುರ್ಚಿ ಎತ್ತಿಟ್ಟು ಮನೆಗೆ ಹೋಗುತ್ತಿದ್ದರು. ಅಂಥ ಬಳಗಕ್ಕೆ ರವಿಶಂಕರ್ ಓರಿಯೆಂಟೀರಿಂಗ್ ಹುಚ್ಚು ಹಿಡಿಸಿದರು. ಕೈಗೆ ಒಂದು ನಕಾಶೆ, ಒಂದು ದಿಕ್ಸೂಚಿ ಕೊಟ್ಟು ಕಾಡಿನೊಳಗೆ ಬಿಡುತ್ತಾರೆ. ನಕಾಶೆಯಲ್ಲಿ ಗುರುತು ಮಾಡಿದ ಕಡೆಗಳಲ್ಲೆಲ್ಲ ಪುಟ್ಟ ಬಾವುಟ ಕಟ್ಟಿರುತ್ತಾರೆ. ಒಂದಾದ ಮೇಲೊಂದು ಅವನ್ನು ಹುಡುಕಿ, ಅಲ್ಲಿ ತಮ್ಮ ಕಾರ್ಡಿಗೆ ತೂತು ಹೊಡೆದುಕೊಂಡು, ಬೇಗ ವಾಪಸಾದವರು ಗೆದ್ದಂತೆ. ಯಾರನ್ನೂ ದಾರಿ ಕೇಳುವಂತಿಲ್ಲ. ಭಾನುವಾರ ವಿಕಾರಾಬಾದ್ ಹಾದಿಯ ಒಂದು ಕುರುಚಲು ಕಾಡಿನಲ್ಲಿ ಸ್ಪರ್ಧೆ, ನಗರದ ಬೇರೆ ಕನ್ನಡ ಬಳಗಗಳೂ ಬರುತ್ತವೆ. ಇಬ್ಬಿಬ್ಬರ ಜೋಡಿ ಓಡಬೇಕು. ಅದಕ್ಕೆ ಮುಂಚೆ ವಾರಪೂರ್ತಿ ತಾಲೀಮು.

ಮಹೇಶಕುಮಾರ ತನ್ನ ಜೋಡಿಯಾಗಿ ಅನುರಾಧಾಳ ಹೆಸರು ಬರೆಸಿ ಬಂದ. ಅವಳನ್ನು ಕೇಳಿರಲಿಲ್ಲ. ಬಳಗದ ವಾಟ್ಸಾಪ್ ಗುಂಪಿಗೂ ಅವಳನ್ನು ಸೇರಿಸಿರಲಿಲ್ಲ. “ಗಂಡ ಹೆಂಡತಿಗೆ ಒಂದ ನಂಬರ್ ಸಾಕಲ್ಲ, ನಾ ಹೇಳ್ತೀನಿ ನಿನಗ” ಎಂದಿದ್ದ.

ಸೋಮವಾರ ಬೆಳಿಗ್ಗೆ ಹತ್ತಿರದ ಕೆರೆಯ ಸುತ್ತ ಮೊದಲ ಓಟ. ಒಲ್ಲದ ಮನಸ್ಸಿನಿಂದಲೇ ಹೊರಟ ಅನುರಾಧಾ ಅರ್ಧ ಏರಿ ದಾಟುವಷ್ಟರಲ್ಲಿ ಬೇರೆಯೇ ಹೆಂಗಸಾಗಿದ್ದಳು. ಶಾಲೆಯಲ್ಲಿ ಖೊಖೊ ಆಡಿದ ಮೇಲೆ ಅವಳು ಓಡಿದ್ದು ಬಸ್ಸು ಹಿಡಿಯಲಿಕ್ಕೆ, ಇಲ್ಲವೇ ಉಕ್ಕುವ ಹಾಲಿನ ಕಡೆಗೆ. ಉಸಿರು ಹತ್ತಿತು, ತೊಡೆ ಬಿಗಿಯಿತು, ಆದರೂ ಕಾಲುಗಳು ತಾವಾಗಿಯೇ ಮುಂದೆ ಹೋಗುತ್ತಿದ್ದವು. ಯಾರೂ ಕರೆಯುತ್ತಿಲ್ಲ, ಯಾರಿಗೂ ಏನೂ ಕೊಡಬೇಕಾಗಿಲ್ಲ. ಎಷ್ಟೋ ವರ್ಷಗಳಲ್ಲಿ ಅವಳಿಗೆ ಇಷ್ಟು ಸಂತೋಷವಾಗಿರಲಿಲ್ಲ. ಭಾನುವಾರ ಓಡಲೇಬೇಕು ಎಂದು ಅಲ್ಲೇ ನಿಶ್ಚಯಿಸಿದಳು.

ಮಹೇಶಕುಮಾರ ಮಾತ್ರ ಎಲ್ಲರೂ ನೋಡಲಿ ಎಂದು ಮೊದಲ ಸುತ್ತನ್ನು ಬಾಣದ ಹಾಗೆ ಓಡಿ, ಎರಡನೆಯ ಸುತ್ತಿಗೆ ಮರವೊಂದನ್ನು ತಬ್ಬಿಕೊಂಡು ನಿಂತಿದ್ದ. ಮನೆಗೆ ಬರುವಾಗ ಲಿಫ್ಟಿನ ಮುಂದಿನ ನಾಲ್ಕು ಮೆಟ್ಟಿಲನ್ನು ಏಡಿಯಂತೆ ಅಡ್ಡಡ್ಡ ಹತ್ತಿದ. ಸೋಫಾದಿಂದ ಏಳುವಾಗ ಒಂದು ದೇವರ ಹೆಸರು, ಕೂರುವಾಗ ಇನ್ನೊಂದು.

“ಮೊಣಕಾಲು ನೋಯಾಕತ್ತೈತೇನ್ರಿ?” ಎಂದು ಕೇಳಿದಳು.

“ಏ, ಎಲ್ಲಿ ನೋವು! ಸ್ನಾಯು ಬೆಳ್ಯಾಕತ್ತಾವ. ಓಡೋರಿಗೆ ಗೊತ್ತಾಗ್ತೈತಿ ಅದು.”

ಮರುದಿನ ತಾಲೀಮು ರದ್ದಾಗಿದೆ ಎಂದು ಹೇಳಿ ಮಗ್ಗುಲಾದ. ಬೆಳೆಯುತ್ತಿರುವ ಸ್ನಾಯುಗಳಿಗೆ ವಿಶ್ರಾಂತಿ ಬೇಕಲ್ಲ! ಅನುರಾಧಾ ಕೆಳಗಿಳಿದು, ಕಾರು ನಿಲ್ಲಿಸುವ ನೆಲಮಾಳಿಗೆಯ ಇಳಿಜಾರಿನಲ್ಲಿ ಒಬ್ಬಳೇ ಹತ್ತಿ ಇಳಿದು ಬೆವರಿಳಿಸಿದಳು. ಬುಧವಾರ ಅವನು ಕೆರೆಗೇನೋ ಬಂದ. ಬಂದವನು ಓಡಲಿಲ್ಲ. ರವಿಶಂಕರರ ಪಕ್ಕದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, ಓಡುವವರಿಗೆಲ್ಲ ಮೊಣಕೈ ಹೇಗಿಡಬೇಕು, ಉಸಿರು ಹೇಗೆ ಬಿಡಬೇಕು ಎಂದು ಪಾಠ ಹೇಳಿದ. ನಡುನಡುವೆ ಅವರ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಿದ್ದ. ರವಿಶಂಕರ್ ಅನುರಾಧಾಳ ಕಾಲಿನ ಕಡೆ ನೋಡಿ ಲೊಚಗುಟ್ಟಿದರು. ಬೂಟು ಹಳೆಯದಾಗಿದೆ ಎಂದು ಲೊಚಗುಟ್ಟಿರಬೇಕು ಎಂದುಕೊಂಡಳು ಅವಳು.

ಗುರುವಾರ ನಕಾಶೆಯ ತಾಲೀಮು, ಸನತ್‌ನಗರದಲ್ಲಿ. ಕಾರ್ಖಾನೆಗಳು ಬಾಗಿಲು ತೆರೆಯುವ ಮುಂಚೆ ಅಲ್ಲಿನ ಗಲ್ಲಿಗಳು ಖಾಲಿ ಇರುತ್ತವೆ. ಎಲ್ಲವೂ ಒಂದೇ ಥರ, ಅದೇ ತಗಡಿನ ಗೇಟು, ಅದೇ ಮಸಿಗೋಡೆ. ಓಡಿ ಓಡಿ ಎಲ್ಲರೂ ಒಂದೇ ಬಾಯ್ಲರ್ ಶೆಡ್ಡಿನ ಮುಂದೆ ಬಂದು ಡಿಕ್ಕಿ ಹೊಡೆದುಕೊಂಡರು. ಬಳಗದ ಅತಿ ವೇಗದ ಓಟಗಾರ ವೈಭವ ಕೂಡ ದಾರಿ ತಪ್ಪಿ ರೈಲು ಹಳಿಯ ಕಡೆ ಹೋಗಿಬಿಟ್ಟ. ಅನುರಾಧಾ ಅವಸರ ಮಾಡಲಿಲ್ಲ. ನಕಾಶೆಯನ್ನು ದಿಕ್ಕಿಗೆ ಸರಿಯಾಗಿ ತಿರುಗಿಸಿ ಹಿಡಿದಳು, ಹೆಬ್ಬೆರಳನ್ನು ತಾನಿರುವ ಜಾಗದ ಮೇಲಿಟ್ಟು ಓಡಿದಳು. ಎಲ್ಲ ಬಾವುಟಗಳನ್ನೂ ಹುಡುಕಿ ವಾಪಸು ಬಂದಾಗ ಇನ್ನೂ ಯಾರೂ ಬಂದಿರಲಿಲ್ಲ. ಗಂಡ ಇರಾನಿ ಹೋಟೆಲಿನಲ್ಲಿ ಕೂತು ಉಸ್ಮಾನಿಯಾ ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದ.

ವೈಭವ ಏದುಸಿರು ಬಿಡುತ್ತ ಬಂದು ಕೇಳಿದ. “ಆಂಟಿ, ಕಾಲು ಹೆಂಗೈತ್ರಿ ಈಗ?”

“ಚಲೋ ಐತಪ್ಪಾ, ನಿಂದು?”

“ನಿಮ್ಮ ಧೈರ್ಯಾ ಭಾಳ ಬಿಡ್ರಿ” ಎಂದು ಕೈ ಮುಗಿದ ಹುಡುಗ. ಒಂದು ಓಟಕ್ಕೆ ಇಷ್ಟು ಧೈರ್ಯ ಯಾಕೆ ಬೇಕೋ ಅವಳಿಗೆ ತಿಳಿಯಲಿಲ್ಲ.

ತಿಳಿದದ್ದು ಶುಕ್ರವಾರ. ವೈಭವನ ಅಜ್ಜಿ ಸಾವಿತ್ರಿಬಾಯಿ ಕೆಳಗಿನ ಮಹಡಿಯಿಂದ ಎಣ್ಣೆ ಶೀಶೆ ಹಿಡಿದು ಬಂದರು. ಬೆಳ್ಳುಳ್ಳಿ, ಓಂಕಾಳು ಹಾಕಿ ಕಾಸಿದ ಎಣ್ಣೆ.

“ಬಿಸಿ ಮಾಡಿ ತಿಕ್ಕೋಬೇಕವಾ. ಸೋಮವಾರ ಮೊಣಕಾಲು ಹೋತಂತ, ನಿನ್ನೆ ಹಿಮ್ಮಡಿನೂ ಹಿಡ್ಕೊಂಡೈತಂತ. ವೈಭವ ಹೇಳಿದ. ಗುಂಪಿನ್ಯಾಗ ದಿನಾ ಬರಾಕತ್ತೈತಂತಲ್ಲ, ಅನುರಾಧಾಗ ಇಲ್ಲಿ ನೋವು, ಅನುರಾಧಾಗ ಅಲ್ಲಿ ಬಾವು ಅಂತ. ನಿಮ್ಮ ಯಜಮಾನ್ರಂತೂ ದೇವರಂಥವರು ಬಿಡು. ನಿನ್ನ ಸಲುವಾಗಿ ತಾವೂ ಓಡೂದು ಬಿಟ್ಟು ನಿಂತಾರಂತ. ಎಲ್ಲಾರೂ ಹೊಗಳಾಕತ್ತಾರ.”

ಅನುರಾಧಾಳ ಮೈ ಉರಿದುಹೋಯಿತು. ಇದು ಹೊಸ ಚಾಳಿಯಲ್ಲ. ಮಹೇಶಕುಮಾರನಿಗೆ ಕಚೇರಿಗೆ ಹೋಗುವ ಮನಸ್ಸಿಲ್ಲದ ದಿನವೆಲ್ಲ ಜ್ವರ ಬರುತ್ತಿದ್ದದ್ದು ಅವಳಿಗೆ. ಬೇಡದ ಮದುವೆಗಳ ಹೊತ್ತಿಗೆ ತಲೆಸುತ್ತು ಬರುತ್ತಿದ್ದದ್ದೂ ಅವಳಿಗೇ. ಒಮ್ಮೆ ಅವನ ಸಹೋದ್ಯೋಗಿಯ ಹೆಂಡತಿ ಬಸ್ ಸ್ಟಾಪಿನಲ್ಲಿ ಸಿಕ್ಕು, ಆಪರೇಷನ್ನಿನ ಗಾಯ ಮಾಯಿತೇ ಎಂದು ಕೇಳಿದಾಗ ಇವಳು ಪಿಳಿಪಿಳಿ ಕಣ್ಣು ಬಿಟ್ಟಿದ್ದಳು. ಗಟ್ಟಿಮುಟ್ಟಾದ ಹೆಂಗಸನ್ನು ಊರ ತುಂಬ ರೋಗಿಷ್ಠೆ ಮಾಡಿಟ್ಟಿದ್ದ ಪುಣ್ಯಾತ್ಮ. ಇಷ್ಟು ದಿನ ಹೋಗಲಿ ಎಂದು ಸುಮ್ಮನಿದ್ದಳು. ಅವಳ ಜ್ವರ, ತಲೆಸುತ್ತಿನಿಂದ ಅವಳಿಗೇನೂ ನಷ್ಟವಿರಲಿಲ್ಲ. ಈಗ ಹಾಗಲ್ಲ.

ಸಂಜೆ ಅವನು ಬರುತ್ತಲೇ ಕೇಳಿದಳು. “ನನ್ನ ಮೊಣಕಾಲು ಯಾವಾಗ ನೋಯಿತ್ರಿ?”

“ಓ, ಅದಾ? ಅಷ್ಟಕ್ಕ ಏನಾತು? ಹೆಣ್ಣಮಕ್ಕಳಿಗೆ ನೋವು ಅಂದ್ರ ಯಾರೂ ಏನೂ ಅನ್ನಾಂಗಿಲ್ಲ. ಗಂಡಸು ಮೊದಲನೇ ದಿನಾನ ಕಾಲು ಹಿಡಕೊಂಡು ಕುಂತ ಅಂದ್ರ ನಗ್ತಾರ. ನನ್ನ ಮರ್ಯಾದಿ ಪ್ರಶ್ನೆ ಅದು.”

“ನನ್ನ ಓಟದ ಪ್ರಶ್ನೆ ಅಲ್ಲೇನು?”

“ಓಡ್ತೀಯಲ್ಲ ಭಾನುವಾರ, ನನ್ನ ಜೋಡಿ. ಸಾವಕಾಶ ನಡಕೋತ ಬರೂಣು. ಕೇಳಿದ್ರ ನಿನಗ ನೋವು ಅಂತ ಹೇಳಿದ್ರಾತು.”

ಲೆಕ್ಕ ಅವಳಿಗೆ ಅರ್ಥವಾಯಿತು. ಅವಳನ್ನು ಜೋಡಿ ಮಾಡಿಕೊಂಡದ್ದೇ ಇದಕ್ಕೆ. ಸತ್ಯ ಹೇಳಿದರೆ ಅವನ ಮೊಣಕಾಲಿನಿಂದಾಗಿ ಜೋಡಿ ಒಡೆದು ತನ್ನ ಓಟವೂ ತಪ್ಪುತ್ತದೆ. ಹೇಳದಿದ್ದರೆ ಇಡೀ ಕಾಡನ್ನು ಇವನ ಹಿಂದೆ ಆಮೆಯಂತೆ ಸುತ್ತಬೇಕು, ಮೇಲಿಂದ ಆ ಕುಂಟುನಡೆಗೆಲ್ಲ ತಾನೇ ಕಾರಣ ಎನಿಸಿಕೊಳ್ಳಬೇಕು. ಅಂದಿನ ರೊಟ್ಟಿಗಳನ್ನು ಅವಳು ಬಡಿದ ಸದ್ದು ಪಕ್ಕದ ಮನೆಗೂ ಕೇಳಿರಬೇಕು.

ಶನಿವಾರ ಸಂಜೆ ಅಪಾರ್ಟ್‌ಮೆಂಟಿನ ಸಭಾಂಗಣದಲ್ಲಿ ಬಳಗ ಸೇರಿತು. ವೈಭವನ ಜೊತೆ ಓಡಬೇಕಾದ ಗೆಳೆಯನಿಗೆ ಜ್ವರ ಬಂದಿತ್ತು, ಅದು ಮಾತ್ರ ನಿಜವಾದ ಜ್ವರ. ರವಿಶಂಕರ್ ಎದ್ದು ನಿಂತು ಗಂಭೀರವಾಗಿ ಹೇಳಿದರು.

“ಅನುರಾಧಾ ಅವರ ಕಾಲಿನ ಪರಿಸ್ಥಿತಿ ಎಲ್ಲಾರಿಗೂ ಗೊತ್ತೈತಿ. ಕಾಡಿನ್ಯಾಗ ಏನರ ಆದ್ರ ಹೆಚ್ಚುಕಡಿಮಿ ಆಗ್ತೈತಿ. ಅವರು ಮನ್ಯಾಗ ವಿಶ್ರಾಂತಿ ತಗೊಳ್ಳಲಿ. ಮಹೇಶಕುಮಾರ ಅವರು ಪಾಪ, ಅವರ ಸಲುವಾಗಿ ವಾರಪೂರ್ತಿ ಕೈ ಕಟ್ಟಿ ಕುಂತಾರ. ನಾಳೆ ಅವರು ವೈಭವನ ಜೋಡಿ ಮನಸಾರೆ ಓಡಲಿ.”

ಚಪ್ಪಾಳೆ ಬಿತ್ತು. ಮಹೇಶಕುಮಾರನ ಮುಖ ಬಿಳುಚಿಕೊಂಡಿತು. ವೈಭವನ ಜೊತೆ! ಆ ಹುಡುಗ ನಡೆಯುವುದೇ ಇವನು ಓಡುವುದಕ್ಕಿಂತ ಜೋರು. ಹೆಂಡತಿಯ ಕಡೆ ಬಾಗಿ, “ಆರಾಮಾಗೇತಿ ಅಂತ ಹೇಳ, ಲಗೂನ ಹೇಳ” ಎಂದು ಗೋಗರೆದ.

ಹೇಳುವ ಗೋಜಿಗೆ ಅನುರಾಧಾ ಹೋಗಲಿಲ್ಲ. ಎದ್ದು ನಡುವೆ ಬಂದು, ಓಢಣಿಯನ್ನು ಸೊಂಟಕ್ಕೆ ಬಿಗಿದು, ಬಸ್ಕಿ ಹೊಡೆಯತೊಡಗಿದಳು. ಕೆಳಗೆ ಕೂತಳು, ಎದ್ದಳು, ಮತ್ತೆ ಕೂತಳು, ಎದ್ದಳು. ಎಲ್ಲರ ಬಾಯಿ ತೆರೆದೇ ಇತ್ತು. ನಿಲ್ಲಿಸಿದಾಗ ಉಸಿರೂ ಏರಿರಲಿಲ್ಲ.

“ಶಹಬ್ಬಾಸ್!” ಎಂದರು ರವಿಶಂಕರ್. “ಇಷ್ಟು ಲಗೂ ಗುಣ ಆತಲ್ಲ! ಹಂಗಾರ ಮೊದಲಿನ ಜೋಡಿನ ಇರಲಿ.”

ಮಹೇಶಕುಮಾರನಿಗೆ ಹೋದ ಜೀವ ಬಂತು. ಬಂದದ್ದು ಸುಮ್ಮನೆ ಬಾಯಿ ಮುಚ್ಚಿಕೊಂಡು ಇರಬೇಕಲ್ಲ. “ನಾ ಅದೀನಲ್ರಿ ಸರ” ಎಂದ ಎಲ್ಲರಿಗೂ ಕೇಳುವಂತೆ. “ಆಕಿ ಕೈ ಹಿಡಕೊಂಡು ಸಾವಕಾಶ ಕರಕೊಂಡು ಬರ್ತೀನಿ. ಸೋತ್ರೂ ಅಡ್ಡಿಯಿಲ್ಲ.”

ಆ ಮಾತು ಬಾರದಿದ್ದರೆ ಅವಳು ಬಹುಶಃ ಅಲ್ಲಿಗೇ ಬಿಡುತ್ತಿದ್ದಳು.

“ಸರ, ಇವರೂ ಒಮ್ಮೆ ಕುಂತು ಏಳಲಿ” ಎಂದಳು.

“ಏ, ನಾ ಯಾಕ?”

“ಹೊಡೀರಿ ಒಂದು ಬಸ್ಕಿ, ಅದ್ರಾಗೇನೈತಿ” ಎಂದರು ರವಿಶಂಕರ್ ನಗುತ್ತ. ಸುತ್ತ ಎಲ್ಲರೂ ನೋಡುತ್ತಿದ್ದರು. ಕಿತ್ತಳೆ ಬೂಟಿನ ಮೇಲೆ ಮಹೇಶಕುಮಾರ ನಿಧಾನವಾಗಿ ಕೆಳಗಿಳಿದ, ಅರ್ಧಕ್ಕೆ ಬಂದು ನಿಂತ, ಮುಂದಕ್ಕೂ ಆಗದೆ ಹಿಂದಕ್ಕೂ ಆಗದೆ ನಡುಗಿದ, “ಯವ್ವಾ!” ಎಂದು ಕೂಗಿ ಕುಂಡಿಯ ಮೇಲೆ ಕೂತುಬಿಟ್ಟ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ವೈಭವ ಓಡಿ ಬಂದು ಕಂಕುಳಿಗೆ ಕೈ ಹಾಕಿ ಎಬ್ಬಿಸಿದ. ಅನುರಾಧಾಳಿಗೆ ಒಂದು ಗಳಿಗೆ ಪಾಪ ಅನ್ನಿಸಿತು. ಒಂದೇ ಗಳಿಗೆ.

ರವಿಶಂಕರರಿಗೆ ಎಲ್ಲ ತಿಳಿಯಿತು. ಮೀಸೆ ತಿರುವುತ್ತ ಮುಖ ಸಣ್ಣಗೆ ಮಾಡಿಕೊಂಡು, “ಅನುರಾಧಾ ಅವರ, ಇದನ್ನ ನೀವು ಮೊದಲ ಹೇಳಬೇಕಿತ್ತು” ಎಂದರು.

“ನೀವು ಮೊದಲ ಕೇಳಬೇಕಿತ್ರಿ. ವಾರಪೂರ್ತಿ ನನ್ನ ಕಾಲಿನ ಸುದ್ದಿ ಮಾತಾಡೀರಿ. ಒಬ್ಬರರ ನನ್ನ ಕೇಳಿದ್ರೇನು?”

ಕೇಳಿದವನು ವೈಭವ ಒಬ್ಬನೇ. ಅವನೂ ಉತ್ತರವನ್ನು ನಂಬಿರಲಿಲ್ಲ. ಕೊನೆಗೆ ಅವನೇ ತಲೆ ಕೆರೆದುಕೊಳ್ಳುತ್ತ, “ಆಂಟಿ, ನೀವು ನನ್ನ ಜೋಡಿ ಬರ್ರಿ. ಆದ್ರ ನಾ ಭಾಳ ಜೋರು ಓಡ್ತೀನಿ ನೋಡ್ರಿ” ಎಂದ.

“ಓಡು. ಹಾದಿ ತಪ್ಪಿದ ಕೂಡ್ಲೇ ನಿಲ್ಲು, ನಾ ಬರ್ತೀನಿ.”

ಭಾನುವಾರ ಅವನು ಹಾಗೆಯೇ ಓಡಿದ, ಹಾದಿ ತಪ್ಪಿದಾಗಲೆಲ್ಲ ನಿಂತ. ಅನುರಾಧಾಳಿಗೆ ಮುಳ್ಳು ತರಚಿತು, ಒಂದು ಹಳ್ಳದಲ್ಲಿ ಕಾಲು ಜಾರಿ ಪಾದ ಸ್ವಲ್ಪ ಉಳುಕಿತು. ಆ ನೋವು ಕೂಡ ಅವಳಿಗೆ ಹಿತವಾಗಿತ್ತು, ತನ್ನದೇ ಆಗಿತ್ತಲ್ಲ. ಕಲ್ಲುಬಂಡೆಗಳ ಸಂದಿಯಲ್ಲಿ ಕೊನೆಯ ಬಾವುಟ ಅವಳ ಕಣ್ಣಿಗೇ ಮೊದಲು ಬಿತ್ತು. ಗೆಲ್ಲಲಿಲ್ಲ. ಆದರೆ ಅವರಿಗಿಂತ ಮೊದಲು ಬಂದ ಜೋಡಿಗಳು ಮೂರೇ ಮೂರು, ಆರೂ ಜನ ವೈಭವನ ವಯಸ್ಸಿನವರು. ಉಳಿದ ದೊಡ್ಡ ಗುಂಪು ಇನ್ನೂ ಕಾಡಿನೊಳಗೇ ಇತ್ತು.

ಗುರಿಯ ಹಗ್ಗ ದಾಟಿ ಬಂದು ನೀರು ಕುಡಿಯುತ್ತಿದ್ದಾಗ ಸನತ್‌ನಗರದ ಕನ್ನಡ ಬಳಗದ ಹೆಂಗಸೊಬ್ಬಳು ಓಡೋಡಿ ಬಂದು ಅವಳ ಎರಡೂ ಕೈ ಹಿಡಿದಳು. ಕಣ್ಣಲ್ಲಿ ನೀರೇ ತುಂಬಿತ್ತು.

“ಅಕ್ಕಾರ, ಈಗಷ್ಟ ನಿಮ್ಮ ಯಜಮಾನ್ರು ಹೇಳಿದ್ರು. ಅಷ್ಟು ಮೊಣಕಾಲು ನೋವು ಇಟ್ಕೊಂಡು ಓಡೀರಂತಲ್ಲ! ಹಗಲೂರಾತ್ರಿ ಶಾಖಾ ಕೊಟ್ಟು, ಎಣ್ಣಿ ತಿಕ್ಕಿ, ಅವರ ನಿಮ್ಮನ್ನ ಇಲ್ಲೀತನಕ ತಯಾರು ಮಾಡ್ಯಾರಂತ.”

ಅನುರಾಧಾ ಅತ್ತ ನೋಡಿದಳು. ಬೇವಿನ ಮರದ ನೆರಳಲ್ಲಿ ಮಹೇಶಕುಮಾರ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದ. ಸುತ್ತ ಅಪರಿಚಿತರು, ನಡುವೆ ಇವನು, ಕೈ ಬೀಸಿ ಬೀಸಿ ಏನೋ ಕೊಚ್ಚಿಕೊಳ್ಳುತ್ತಿದ್ದ. ಹೆಂಡತಿ ನೋಡಿದ್ದು ಕಂಡು, ಅಭಿಮಾನದಿಂದ ಹೆಬ್ಬೆರಳು ಎತ್ತಿ ತೋರಿಸಿದ.

ಅನುರಾಧಾ ಅವನಿಗೂ ಅವನ ಸುತ್ತಲಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

“ಮೊಣಕಾಲು ಅವರದು, ತಂಗಿ. ಓಟ ನಂದು.”