ಹತ್ತಿರದ ಕಣ್ಣು

ಬೆಳಕು ಈಗಷ್ಟೇ ಅಪ್ಪನ ಗಲ್ಲಕ್ಕೆ ಬಂತು, ಗ್ಯಾರೇಜಿನ ಬಾಗಿಲನ್ನು ಇನ್ನೊಂದು ಗೇಣು ಎತ್ತಿದರೆ ಹಣೆಗೂ ಬರುತ್ತದೆ, ಎತ್ತಿದಳು ನವ್ಯಾ, ಬಂತು — ನೆರಳಲ್ಲಿ ಕೂತವರ ಮೇಲೆ ಹೊರಗಿನಿಂದ ಬೀಳುವ ಮೆತ್ತನೆಯ ಬೆಳಕು, ರಾಂಚೊ ಬರ್ನಾರ್ಡೊ ಬಡಾವಣೆಯ ಅರ್ಧದಷ್ಟು ಆಂಟಿಯರನ್ನು ಇದೇ ಮಡಚುವ ಕುರ್ಚಿಯಲ್ಲಿ ಕೂರಿಸಿ ಫೋಟೋ ತೆಗೆದು ಎರಡು ವರ್ಷದಲ್ಲಿ ಕಲಿತದ್ದು, ಸ್ವಲ್ಪ ತೆಳ್ಳಗೆ ಕಾಣೋ ಹಾಗೆ ತೆಗಿಯೇ ಅಂದವರೆಷ್ಟು ಜನ, ಎಲ್ಲರ ಮುಖವೂ ಬಂತು, ಅಪ್ಪನದೊಂದು ಬಿಟ್ಟು. ಯಾವ ಕಡೆ ತಿರುಗ್ಲಿ ಪುಟ್ಟಾ, ಕೇಳುತ್ತಲೇ ತಿರುಗಿಬಿಟ್ಟಿದ್ದಾನೆ, ಬಲಗೆನ್ನೆ ಕ್ಯಾಮೆರಾಕ್ಕೆ, ಎಡಗೆನ್ನೆ ಗೋಡೆಗೆ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಬಾಯಿಂದ ನೀರು ಸೋರಿತ್ತು, ಮುಖದ ಎಡಭಾಗದ ನರ ಸೋತಿತ್ತು, ಸರಿಹೋಗುತ್ತೆ ಅಂದರು ಡಾಕ್ಟರು, ಹೋಯಿತು ಮುಕ್ಕಾಲು ಪಾಲು, ತುಟಿಯ ಆ ತುದಿ ಮಾತ್ರ ಏಳಲೊಲ್ಲದು, ಆ ಕಣ್ಣು ಪೂರ್ತಿ ಮುಚ್ಚದು, ಸದಾ ನೀರು, ಕೈಯಲ್ಲಿ ಸದಾ ಕರವಸ್ತ್ರ — ಅಳು ಅಲ್ಲಮ್ಮ, ಇದು ನರದ್ದು ಅನ್ನುತ್ತಾನೆ. ಹತ್ತಿರದ ಕಣ್ಣಿಗೆ ಫೋಕಸ್ ಇಡಿ, ಉಳಿದದ್ದು ತಾನೇ ಬರುತ್ತೆ ಅನ್ನುತ್ತಾರೆ ಸ್ಕೂಲಿನ ಫೋಟೋ ಟೀಚರು, ಹತ್ತಿರ ಇರುವುದು ಬಲಗಣ್ಣು, ಸುಲಭ, ಒತ್ತಿದರೆ ಮುಗಿಯಿತು. ಸೋಮವಾರ ಇಂಟರ್‌ವ್ಯೂ, ಪ್ರೊಫೈಲಿಗೆ ಹೊಸದೊಂದು ಫೋಟೋ, ಸೈಡಿಂದ ತೆಗಿ ಸಾಕು ಅಂತಾನೆ. ಸಾಕಂತೆ! ಲೇಆಫ್ ಆಗಿ ನಾಲ್ಕು ತಿಂಗಳು, ಮೂರು ವಿಡಿಯೋ ಇಂಟರ್‌ವ್ಯೂ, ಮೂರರಲ್ಲೂ ಗಿರಿಧರ್ ಹಿಯರ್, ಸಾರಿ, ಮೈ ಕ್ಯಾಮೆರಾ ಈಸ್ ನಾಟ್ ವರ್ಕಿಂಗ್ — ಬಾಗಿಲಾಚೆ ನಿಂತು ಕೇಳಿಸಿಕೊಂಡಿದ್ದಾಳೆ, ಇಪ್ಪತ್ತು ವರ್ಷ ಟೆಲಿಕಾಂನಲ್ಲಿ ಕೆಲಸ ಮಾಡಿದವನ ಕ್ಯಾಮೆರಾ ಮೂರು ಸಲವೂ ಕೆಟ್ಟಿತ್ತು ಅಂದರೆ ಯಾರಪ್ಪಾ ನಂಬುತ್ತಾರೆ. ಸೋಮವಾರವೂ ಅದೇ ಸುಳ್ಳು ಹೇಳಿದರೆ ಈ ಕೆಲಸವೂ ಹೋಯಿತು. ಬಿಡುವುದಿಲ್ಲ ಇವತ್ತು, ನೇರ ಮುಖವೇ ಬೇಕು, ಇಷ್ಟೇನಾ ಅಂತ ಅವನೇ ಒಂದು ಸಲ ನೋಡಲಿ ತನ್ನನ್ನು.

ಬಿಡುವಂತೆಯೂ ಇಲ್ಲ, ಅವನನ್ನು ತಿರುಗಿಸಿದ್ದು ಅವಳೇ. ನರ ಸೋತ ಮರುತಿಂಗಳೇ ಅವಳ ಹದಿನಾಲ್ಕರ ಹುಟ್ಟುಹಬ್ಬ, ಲಾಸ್ ಏಂಜಲೀಸಿನ ಬೀಚು, ಕ್ಯಾಮೆರಾ ಕೊಡಿಸಿದವನೂ ಅವನೇ, ಅದರಲ್ಲಿ ತೆಗೆದ ಫೋಟೋ ಫ್ರೆಂಡ್ಸೆಲ್ಲ ನೋಡ್ತಾರಲ್ಲ ಅಂತ, ಅಪ್ಪಾ, ಟರ್ನ್ ದಟ್ ವೇ, ಪ್ಲೀಸ್ — ಎಷ್ಟು ಸಲೀಸಾಗಿ ಅಂದಳು ಪಾಪಿ, ಓಕೆ ಓಕೆ ಅಂತ ತಿರುಗಿದ, ಅವತ್ತಿನಿಂದ ತಿರುಗಿಯೇ ಇದ್ದಾನೆ, ದೀಪಾವಳಿಗೂ, ಯುಗಾದಿಗೂ, ಪಕ್ಕದ ಮನೆಯ ನಾಮಕರಣಕ್ಕೂ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತ ಅಮ್ಮ ಅನ್ನುವುದು ಸುಮ್ಮನೆ ಅಲ್ಲ. ಅಪ್ಪಾ, ಲುಕ್ ಸ್ಟ್ರೈಟ್. ಬೇಡ ಪುಟ್ಟಾ, ಚೆನ್ನಾಗ್ ಬರಲ್ಲ. ಇಂಗ್ಲಿಷ್ ಸಾಲದು ಇದಕ್ಕೆ, ಬರೀ ಕೇಳಿ ಗೊತ್ತಿರುವ ಕನ್ನಡಕ್ಕೆ ನಾಲಿಗೆ ತಡಕಾಡುತ್ತದೆ — ಬೀಚಲ್ಲಿ ನಾನು ಹಾಗೆ ಹೇಳಬಾರದಿತ್ತು, ತಪ್ಪಾಯ್ತು ಅಪ್ಪಾ, ಈ ಕಡೆ ನೋಡು. ಯಾವತ್ತು? ನಂಗೇನೂ ನೆನಪಿಲ್ವಲ್ಲ, ಅನ್ನುತ್ತಾನೆ, ಸುಳ್ಳ, ಕರವಸ್ತ್ರ ಮಡಚಿ ಜೇಬಿಗಿಡುತ್ತಾನೆ, ನಿಧಾನ ತಿರುಗುತ್ತಾನೆ, ಮೂಗು ನೇರ, ತುಟಿ ವಾರೆ, ಈಗ ಎರಡು ಕಣ್ಣೂ ಒಂದೇ ದೂರ, ಎಡಗಣ್ಣಿಗೇ ಇಡುತ್ತಾಳೆ ಫೋಕಸ್, ನೀರಿದೆ, ಇರಲಿ, ಯಾವಾಗಲೂ ಇರುವುದೇ, ನರದ್ದು, ಉಸಿರು ಹಿಡಿ, ಒತ್ತು — ಆದರೆ ಬಲಗಣ್ಣು, ಏನೂ ಆಗಿಲ್ಲದ ಆ ಬಲಗಣ್ಣು, ಅದೂ ತುಂಬಿ ನಿಂತಿದೆ