ಪುದೀನ ಕುಂಡದ ಪತನ

ಮೊದಲ ಮಹಡಿಯ ಕಟ್ಟೆಯ ಮೇಲೆ ತನ್ನ ಪಾಡಿಗೆ ತಾನಿದ್ದ ಪುದೀನ ಕುಂಡವೊಂದು ಕೆಳಗೆ ಬಿದ್ದದ್ದು ಹೇಗೆ? ಸಾಮ್ರಾಜ್ಯಗಳ ಪತನಕ್ಕೆಲ್ಲ ಕಾರಣ ಹುಡುಕಿಕೊಟ್ಟ ಪಂಡಿತರು ಅದ್ಯಾಕೋ ಈ ಪತನದ ಕಡೆ ಗಮನ ಕೊಟ್ಟಿಲ್ಲ. ಹಾಗಾಗಿ ವಿಷಯ ಮಧ್ಯಸ್ಥಿಕೆ ಕೇಂದ್ರಕ್ಕೆ ಬಂತು.

ಕುಂಡ ಬಿದ್ದದ್ದು ಅಂಗಡಿಯ ಬಾಗಿಲಲ್ಲಿ ಬೆಳಕಿಗೆ ಮಷೀನು ಹಾಕಿಕೊಂಡು ಹೊಲಿಯುತ್ತಿದ್ದ ಟೈಲರನ ಮೇಲೆ. ಮಷೀನು ಬಿರುಕು ಬಿಟ್ಟಿತು, ಅವನ ಬಲ ಮಣಿಕಟ್ಟು ಮುರಿಯಿತು. ಕುಂಡ ಮೇಲ್ಮನೆಯ ನರ್ಸಕ್ಕನದು. ನಿವೃತ್ತರಾದ ಮೇಲೂ ಬೀದಿಗೆಲ್ಲ ಸೂಜಿ ಚುಚ್ಚುತ್ತಿದ್ದ ಹೆಂಗಸು. ಅವತ್ತು ಓಡಿಬಂದು, ಟೈಲರನ ಕೈಗೆ ಅವನದೇ ಅಡಿಕೋಲು ಕಟ್ಟಿ ಆಸ್ಪತ್ರೆಗೆ ಕರೆದೊಯ್ದವರೂ ಅವರೇ.

ಬೀಳಿಸಿದವರು ಮಾತ್ರ ಅವರಲ್ಲ, ಟೈಲರನ ಹೆಂಡತಿ. ಒದ್ದೆ ಬೆಡ್‌ಶೀಟು ಹರಡಲು ಮೇಲೆ ಹೋದವಳು ಜಾಗಕ್ಕೆಂದು ಕುಂಡವನ್ನು ಮೊಣಕೈಯಿಂದ ಅತ್ತ ತಳ್ಳಿದ್ದಳು. ಅದನ್ನು ಕಂಡದ್ದು ನರ್ಸಕ್ಕ ಒಬ್ಬರೇ.

"ಅಕ್ಕಾ, ನಿಮ್ ಕಾಲಿಗೆ ಬೀಳ್ತೀನಿ, ಈಗ್ಲೇ ಹೇಳ್ಬೇಡಿ," ಎಂದು ಅವಳು ಆಸ್ಪತ್ರೆಯ ಮೆಟ್ಟಿಲಲ್ಲಿ ಅತ್ತಿದ್ದಳು. "ಗಂಡನ ದುಡಿಯೋ ಕೈ ಮುರಿದೋಳು ಅಂತ ನಮ್ಮತ್ತೆ ಸಾಯೋವರೆಗೂ ಆಡ್ತಾರೆ."

ಟೈಲರ್ ಕೇಂದ್ರಕ್ಕೆ ದೂರು ಕೊಟ್ಟ ಮೇಲೆ ಮತ್ತೆ ಬಂದಳು. "ಅಲ್ಲಿ ಮೂರನೆಯವರು ಇರ್ತಾರಲ್ಲಕ್ಕಾ, ಅವರೆದುರು ನಾನೇ ಹೇಳ್ಬಿಡ್ತೀನಿ. ಮನೇಲಾದ್ರೆ ಬಾಯೇ ಬರಲ್ಲ."

ಅವಳ ಎರಡೂ ಹೆರಿಗೆಗೆ ಪಕ್ಕದಲ್ಲಿ ನಿಂತಿದ್ದ ನರ್ಸಕ್ಕ ನಂಬಿದರು.

ಯಾರೂ ಹೆಚ್ಚಿನವರು ಅನಿಸಬಾರದೆಂದು ಕೇಂದ್ರದಲ್ಲಿ ಮೇಜು ದುಂಡಗಿತ್ತು. ಯಾರಾದರೂ ಅತ್ತೇ ಅಳುತ್ತಾರೆಂದು ನಡುವೆ ಟಿಶ್ಯೂ ಡಬ್ಬಿಯಿತ್ತು.

"ಇದು ಕೋರ್ಟಲ್ಲ," ಎಂದರು ಮಧ್ಯಸ್ಥಿಕೆ ನಡೆಸುವ ಮೇಡಂ. "ತಪ್ಪು ಯಾರದು ಅಂತ ನಾನು ಹೇಳೋಲ್ಲ."

"ನಾನು ಬಂದಿದ್ದೇ ಅದಕ್ಕಲ್ವಾ ಮತ್ತೆ!" ಎಂದ ಟೈಲರ್. "ರಿಪೇರಿ, ಔಷಧಿ ಎಲ್ಲ ಆಮೇಲೆ. ಬೆಕ್ಕು, ಗಾಳಿ ಅಂತ ಕತೆ ಬೇಡ. ಬೀಳಿಸಿದ್ದು ಯಾರು ಅಂತ ಬಾಯ್ಬಿಟ್ಟು ಹೇಳ್ಲಿ."

ನರ್ಸಕ್ಕ ಅವನ ಹೆಂಡತಿಯ ಕಡೆ ನೋಡಿದರು. ಅವಳು ಕೈಚೀಲದ ಜಿಪ್ಪು ಎಳೆದಳು, ಬಿಟ್ಟಳು.

"ನಾನು ಎಷ್ಟ್ ಸಲ ಹೇಳಿದ್ದೆ ಮೇಡಂ, ಕುಂಡ ಅಂಚಿಗಿಡ್ಬೇಡಿ ಅಕ್ಕಾ ಅಂತ. ವಯಸ್ಸಾಯ್ತಲ್ಲ, ಮರೀತಾರೆ ಪಾಪ."

ಸುಳ್ಳಿಗಿಂತ ಆ 'ಪಾಪ' ನರ್ಸಕ್ಕನಿಗೆ ಹೆಚ್ಚು ಚುಚ್ಚಿತು. ಚುಚ್ಚುವ ಕಸುಬು ತಮ್ಮದೊಬ್ಬರದೇ ಎಂದು ಅವರು ಅಂದುಕೊಂಡಿದ್ದರು.

ಮೇಡಂ ನರ್ಸಕ್ಕನನ್ನು ಪಕ್ಕದ ಕೋಣೆಗೆ ಕರೆದೊಯ್ದರು. ಇಲ್ಲಿ ಆಡಿದ್ದು, ಆಡಿದವರು ಒಪ್ಪದೆ ಆಚೆ ಹೋಗುವುದಿಲ್ಲ, ಅದು ಇಲ್ಲಿಯ ನಿಯಮ ಎಂದರು. ನರ್ಸಕ್ಕ ಎಲ್ಲವನ್ನೂ ಹೇಳಿದರು.

"ಟೈಲರ್‌ಗೆ ಹೇಳಲಾ?"

"ಬೇಡ. ನಾನು ಹೇಳಿಸಿದ್ರೆ ಚಾಡಿ ಆಗುತ್ತೆ. ಮಾತು ಕೊಟ್ಟೋಳು ಅವಳು. ಏನಾದ್ರೂ ಹೇಳೋದಿದ್ಯಾ ಅಂತ ಅವಳನ್ನೇ ಕೇಳಿ."

ಮೇಡಂ ಅವಳನ್ನು ಒಬ್ಬಳನ್ನೇ ಕರೆಸಿ ಕೇಳಿದರು. ಅವಳೂ ಎಲ್ಲವನ್ನೂ ಹೇಳಿದಳು. ಆ ಕೋಣೆಯ ಟಿಶ್ಯೂ ಡಬ್ಬಿ ಅರ್ಧ ಖಾಲಿಯಾಯಿತು.

"ನಿಮ್ಮ ಯಜಮಾನರಿಗೆ ಹೇಳಲಾ?"

"ಅಯ್ಯೋ, ಬೇಡ ಮೇಡಂ! ಅಕ್ಕಂಗೇನು, ಯಾಕೆ ಅಂತ ಕೇಳೋರು ಯಾರಿದಾರೆ ಮನೇಲಿ? ಹೊತ್ಕೋತಾರೆ ಬಿಡಿ."

ಹೀಗೆ ಒಂದೇ ಸತ್ಯ ಮೇಡಂಗೆ ಎರಡು ಬಾಯಿಂದ ಸಿಕ್ಕಿತು. ಅದನ್ನು ಯಾವ ಕಿವಿಗೂ ಹಾಕುವ ಹಾಗಿರಲಿಲ್ಲ. ಬಲ್ಲವರು ಬಹಳ ಮೆಚ್ಚಿಕೊಂಡಿರುವ ನಿಯಮ ಅದು.

"ಏನಂದ್ಲು?" ಎಂದರು ನರ್ಸಕ್ಕ.

"ಅದನ್ನ ನಾನು ಹೇಳೋ ಹಾಗಿಲ್ಲಮ್ಮ."

"ಗೊತ್ತಾಯ್ತು ಬಿಡಿ."

ದುಂಡು ಮೇಜಿಗೆ ಮರಳಿದ ನರ್ಸಕ್ಕ ಕೂರುವ ಮೊದಲೇ ಹೇಳಿದರು: "ಬೀಳಿಸಿದ್ದು ನಾನೇ ಅಂತ ಬರ್ಕೊಳ್ಳಿ."

ಮೇಡಂ ಪೆನ್ನು ಕೆಳಗಿಟ್ಟರು. "ಇಷ್ಟಪಟ್ಟು ಹೇಳ್ತಿದೀರಾ?"

"ಇಷ್ಟ ಅಲ್ಲ, ಸಾಕಾಗಿದೆ. ಬರ್ಕೊಳ್ಳಿ."

ಟೈಲರನ ಕಣ್ಣು ತುಂಬಿತು. "ಅವತ್ತೇ ಹೇಳಿದ್ರೆ ಇಲ್ಲೀವರೆಗೂ ಬರ್ತಿದ್ನಾ ಅಕ್ಕಾ? ನನ್ ಕೈಗೆ ಕಟ್ಟು ಕಟ್ತಾ, ನನ್ ಮುಖ ನೋಡ್ತಾನೇ ಮೋಸ ಮಾಡಿದ್ರಲ್ಲ!"

ನರ್ಸಕ್ಕ ಮೇಡಂ ಕಡೆ ತಿರುಗಿದರು. "ಇನ್ನೊಂದಿದೆ ಮೇಡಂ. ಇವಳು ಇನ್ಮೇಲೆ ನನ್ನ ಮೆಟ್ಟಿಲು ಹತ್ತಬಾರದು. ಅದನ್ನೂ ಬರೀರಿ."

"ಇದ್ಯಾವ ನ್ಯಾಯ!" ಟೈಲರ್ ಎದ್ದುನಿಂತ. "ತಪ್ಪು ನಿಮ್ದು, ಸಿಟ್ಟು ಇವಳ ಮೇಲಾ? ಇವಳೇನು ಮಾಡಿದ್ಲು?"



"ಬರ್ಕೊಳ್ಳಿ ಮೇಡಂ," ಎಂದಳು ಹೆಂಡತಿ, ಜಿಪ್ಪಿಗೆ ಹೇಳುವಂತೆ.

ಮೇಡಂ ಬರೆದರು. ನಾಲ್ವರೂ ಸಹಿ ಹಾಕಿದರು, ಟೈಲರ್ ಎಡಗೈಯಲ್ಲಿ. ರಿಪೇರಿಯ ಮತ್ತು ಚಿಕಿತ್ಸೆಯ ಖರ್ಚು ನರ್ಸಕ್ಕನದೆಂದಾಯಿತು. ವ್ಯಾಜ್ಯ ಬಗೆಹರಿಯಿತು.